ಲೆಕ್ಕವೆಲ್ಲ ಬಯಲಲ್ಲೇ ಇತ್ತು, ಕೇಳುವವರು ಇರಲಿಲ್ಲ: ಪೋಲ್ಕಾಡಾಟ್ ಖಜಾನೆಯ ಒಂದು ಪ್ರಕರಣ

2024ರ ಜೂನ್ ಕೊನೆಯಲ್ಲಿ ಪೋಲ್ಕಾಡಾಟ್ ಎಂಬ ಬ್ಲಾಕ್‌ಚೇನ್‌ನ, ಅಂದರೆ ಎಲ್ಲರಿಗೂ ಕಾಣುವ ಒಂದು ಡಿಜಿಟಲ್ ಲೆಕ್ಕದ ಪುಸ್ತಕದ, ಖಜಾನೆಯ ಆರು ತಿಂಗಳ ವರದಿ ಹೊರಬಂತು. ಆ ವರ್ಷದ ಮೊದಲ ಆರು ತಿಂಗಳಲ್ಲಿ ಖಜಾನೆಯಿಂದ ಹೋದದ್ದು ಸುಮಾರು 1.1 ಕೋಟಿ ಡಾಟ್. ಡಾಟ್ ಅಂದರೆ ಪೋಲ್ಕಾಡಾಟ್‌ನ ನಾಣ್ಯ. ಆಗಿನ ಬೆಲೆಯಲ್ಲಿ 8.7 ಕೋಟಿ ಡಾಲರ್. ನಮ್ಮ ರೂಪಾಯಿಗೆ ತಂದರೆ ಏಳುನೂರು ಕೋಟಿ ದಾಟುತ್ತದೆ. ಅದಕ್ಕೂ ಹಿಂದಿನ ಆರು ತಿಂಗಳಿನ ಖರ್ಚಿಗೆ ಹೋಲಿಸಿದರೆ ಇದು ಎರಡು ಪಟ್ಟಿಗಿಂತ ಜಾಸ್ತಿ.

ಅದರಲ್ಲಿ ಸುಮಾರು 3.7 ಕೋಟಿ ಡಾಲರ್ ಹೋದದ್ದು ಪ್ರಚಾರಕ್ಕೆ. ಜಾಹೀರಾತು, ಪ್ರಾಯೋಜಕತ್ವ, ಸಮ್ಮೇಳನ, ಇನ್‌ಫ್ಲುಯೆನ್ಸರ್‌ಗಳು, ಎಲ್ಲ ಸೇರಿ. ಸಾಫ್ಟ್‌ವೇರ್ ಕಟ್ಟುವ ಕೆಲಸಕ್ಕೆ ಸಿಕ್ಕಿದ್ದು ಸುಮಾರು 2.3 ಕೋಟಿ. ಅಂದರೆ ಕಟ್ಟುವುದಕ್ಕಿಂತ ಹೇಳಿಕೊಳ್ಳುವುದಕ್ಕೆ ಹೆಚ್ಚು ಹಣ ಹೋಗಿತ್ತು. ಕ್ರೀಡೆ ಮುಂತಾದ ಪ್ರಾಯೋಜಕತ್ವಕ್ಕೇ ಒಂದು ಕೋಟಿ ಡಾಲರ್. ಇನ್‌ಫ್ಲುಯೆನ್ಸರ್‌ಗಳಿಗೆ 49 ಲಕ್ಷ ಡಾಲರ್, ರೂಪಾಯಿಯಲ್ಲಿ ನಲವತ್ತು ಕೋಟಿ.

ಆ ವಾರ ಎಲ್ಲ ಕಡೆ ಗಲಾಟೆಯೋ ಗಲಾಟೆ. ಖಾಸಗಿ ವಿಮಾನಗಳ ಮೈಮೇಲೆ ಪೋಲ್ಕಾಡಾಟ್ ಲೋಗೋ ಅಂಟಿಸಿದ್ದು, ನಾಣ್ಯಗಳ ಬೆಲೆ ತೋರಿಸುವ ತಾಣದಲ್ಲಿ ಲೋಗೋ ಕುಣಿಯಲಿ ಎಂದು ದುಡ್ಡು ಕೊಟ್ಟಿದ್ದು, ಇಂಥ ಸಾಲುಗಳನ್ನೇ ಹೆಕ್ಕಿ ಹೆಕ್ಕಿ ಜನ ಹಂಚಿದರು. ನನಗೆ ಅವುಗಳಿಗಿಂತ ಹೆಚ್ಚು ಕಾಡಿದ್ದು ಬೇರೆ ವಿಷಯ. ಈ ಖರ್ಚು ಒಂದೂ ಗುಟ್ಟಾಗಿ ಆದದ್ದಲ್ಲ. ಪ್ರತಿಯೊಂದಕ್ಕೂ ಪ್ರಸ್ತಾವ ಇತ್ತು. ಪ್ರತಿಯೊಂದಕ್ಕೂ ಮತ ಬಿದ್ದಿತ್ತು. ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು ಹೋಯಿತು ಎಂದು ಯಾರು ಬೇಕಾದರೂ ನೋಡಬಹುದಿತ್ತು. ಹಾಗಿದ್ದೂ ಒಟ್ಟು ಮೊತ್ತ ನೋಡಿ ಸಮುದಾಯದವರೇ ಬೆಚ್ಚಿಬಿದ್ದರು. ಬಾಗಿಲು ತೆರೆದಿಟ್ಟ ಮನೆಯಲ್ಲಿ ಇದು ಹೇಗಾಯಿತು ಎಂದು ತಿಳಿದುಕೊಳ್ಳಲು ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಈ ದುಡ್ಡು ಯಾರದ್ದು?

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಪೋಲ್ಕಾಡಾಟ್ 2020ರಲ್ಲಿ ಶುರುವಾದ ಬ್ಲಾಕ್‌ಚೇನ್. ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೇನ್ ಕಟ್ಟಿದವರಲ್ಲಿ ಒಬ್ಬರಾದ ಗೇವಿನ್ ವುಡ್ ಇದರ ಮೂಲ ಪುರುಷ. ಹಿಂದೆ ಎರಡು ಸಂಸ್ಥೆಗಳಿವೆ. ಒಂದು, ಸಾಫ್ಟ್‌ವೇರ್ ಬರೆಯುವ ಪ್ಯಾರಿಟಿ ಟೆಕ್ನಾಲಜೀಸ್. ಇನ್ನೊಂದು, ಸ್ವಿಟ್ಜರ್‌ಲೆಂಡಿನ ವೆಬ್3 ಫೌಂಡೇಶನ್. ಆದರೆ ಖಜಾನೆ ಈ ಎರಡರದ್ದೂ ಅಲ್ಲ. ಅದು ಚೈನ್‌ನೊಳಗೇ ಇರುವ ಒಂದು ಖಾತೆ. ಅದರ ಬೀಗದ ಕೈ ಯಾವ ಮನುಷ್ಯನ ಹತ್ತಿರವೂ ಇಲ್ಲ. ಡಾಟ್ ಇಟ್ಟುಕೊಂಡವರು ಮತ ಹಾಕಿದರೆ ಮಾತ್ರ ಅದು ತೆರೆದುಕೊಳ್ಳುತ್ತದೆ.

ಅದರೊಳಗೆ ಹಣ ಬರುವುದು ಮುಖ್ಯವಾಗಿ ಹೊಸ ನಾಣ್ಯ ಹುಟ್ಟಿಸುವುದರಿಂದ. ಆಗ ವರ್ಷಕ್ಕೆ ಶೇಕಡಾ 10ರಷ್ಟು ಹೊಸ ಡಾಟ್ ಹುಟ್ಟುತ್ತಿತ್ತು. ಅದರಲ್ಲಿ ಬಹುಪಾಲು ಸ್ಟೇಕ್ ಮಾಡಿದವರಿಗೆ, ಅಂದರೆ ಚೈನ್‌ನ ಭದ್ರತೆಗಾಗಿ ತಮ್ಮ ಡಾಟ್ ಒತ್ತೆ ಇಟ್ಟವರಿಗೆ, ಮಿಕ್ಕಿದ್ದು ಖಜಾನೆಗೆ. ಜೊತೆಗೆ ವಹಿವಾಟು ಶುಲ್ಕದ ಶೇಕಡಾ 80 ಭಾಗ. ಹೊಸ ನಾಣ್ಯ ಹುಟ್ಟಿದಾಗೆಲ್ಲ ಹಳೆಯ ನಾಣ್ಯ ಇಟ್ಟುಕೊಂಡವರ ಪಾಲು ಅಷ್ಟಷ್ಟೇ ಕರಗುತ್ತದೆ. ಅಂದರೆ ಬೆಂಗಳೂರಿನಲ್ಲಿ ಕೂತು ಐವತ್ತು ಡಾಟ್ ತೆಗೆದಿಟ್ಟ ಹುಡುಗನೂ ಆ ವಿಮಾನದ ಲೋಗೋಗೆ ಚಂದಾ ಕೊಟ್ಟಿದ್ದಾನೆ. ಅವನಿಗೆ ರಸೀದಿ ಸಿಕ್ಕಿಲ್ಲ, ಅಷ್ಟೇ.

ಇನ್ನೊಂದು ನಿಯಮವೂ ಇತ್ತು. ಖರ್ಚಾಗದೆ ಉಳಿದ ಹಣದಲ್ಲಿ ಪ್ರತಿ 24 ದಿನಕ್ಕೊಮ್ಮೆ ಶೇಕಡಾ 1 ಭಾಗ ಸುಟ್ಟುಹೋಗುತ್ತಿತ್ತು, ಅಂದರೆ ಆ ನಾಣ್ಯಗಳು ಶಾಶ್ವತವಾಗಿ ಇಲ್ಲವಾಗುತ್ತಿದ್ದವು. ಖಜಾನೆ ಸುಮ್ನೆ ಕೂಡಿಡುತ್ತಾ ಹೋಗಬಾರದು ಎಂಬುದು ಇದರ ಉದ್ದೇಶ. ಆದರೆ ಜನರ ಮನಸ್ಸಿನಲ್ಲಿ ಅದು ಬೇರೆ ರೂಪ ತಾಳಿತು. 'ಹೇಗೂ ಸುಟ್ಟುಹೋಗುವ ದುಡ್ಡು, ಯಾವುದಾದರೂ ಕೆಲಸಕ್ಕೆ ಬರಲಿ ಬಿಡಿ' ಎಂಬ ಮಾತು ಪ್ರಸ್ತಾವಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಮಾರ್ಚ್ ಕೊನೆಗೆ ಸರ್ಕಾರಿ ಕಚೇರಿಗಳಲ್ಲಿ ಅನುದಾನ ವಾಪಸ್ ಹೋಗುತ್ತದೆ ಎಂದು ಅವಸರದಲ್ಲಿ ಬಿಲ್ ಪಾಸ್ ಮಾಡುವುದನ್ನು ನೋಡಿದವರಿಗೆ ಈ ಮನಸ್ಥಿತಿ ಹೊಸದಲ್ಲ. ನಾಣ್ಯ ಸುಟ್ಟರೆ ಉಳಿದ ಎಲ್ಲರ ಪಾಲೂ ಒಂದಿಷ್ಟು ಬೆಳೆಯುತ್ತದೆ. ಅದು ನಷ್ಟವೇ ಅಲ್ಲ. ಈ ಸಣ್ಣ ಸಂಗತಿಯನ್ನು ಮರೆತದ್ದು ದೊಡ್ಡ ದುಬಾರಿಯಾಯಿತು ಎಂದೇ ನನ್ನ ನಂಬಿಕೆ.

ಹಣ ಹೊರಬರುವ ದಾರಿ

2023ರ ಜೂನ್‌ವರೆಗೆ ಖಜಾನೆಯ ಮೇಲೆ ಒಂದು ಚುನಾಯಿತ ಕೌನ್ಸಿಲ್ ಇತ್ತು. ಕೆಲವೇ ಜನ ಸೇರಿ ತೀರ್ಮಾನಿಸುತ್ತಾರೆ ಎಂಬ ದೂರೂ ಇತ್ತು. ಆಗ ಬಂದದ್ದು ಓಪನ್‌ಗವ್ ಎಂಬ ಹೊಸ ಮತದಾನ ವ್ಯವಸ್ಥೆ. ಕೌನ್ಸಿಲ್ ರದ್ದಾಯಿತು. ಯಾರು ಬೇಕಾದರೂ ಪ್ರಸ್ತಾವ ಇಡಬಹುದು, ಡಾಟ್ ಇರುವ ಯಾರು ಬೇಕಾದರೂ ಮತ ಹಾಕಬಹುದು ಎಂದಾಯಿತು. ಮೊತ್ತಕ್ಕೆ ತಕ್ಕಂತೆ ಬೇರೆ ಬೇರೆ ಟ್ರ್ಯಾಕ್‌ಗಳು. ಸಣ್ಣ ಬಹುಮಾನಕ್ಕೆ ಒಂದು, ಸಾವಿರಾರು ಡಾಟ್‌ಗೆ ಒಂದು, ಲಕ್ಷಗಟ್ಟಲೆಗೆ ಇನ್ನೊಂದು. ದೊಡ್ಡ ಮೊತ್ತದ ಪ್ರಸ್ತಾವ 28 ದಿನ ಮತಕ್ಕೆ ತೆರೆದಿರುತ್ತದೆ.

ಮತದ ತೂಕ ನಿಮ್ಮ ಡಾಟ್ ಎಷ್ಟು, ಅದನ್ನು ಎಷ್ಟು ದಿನ ಕಟ್ಟಿಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಕಟ್ಟಿಹಾಕದೆ ಮತ ಹಾಕಿದರೆ ಒಂದು ಡಾಟ್‌ಗೆ 0.1 ಮತ. 224 ದಿನ ಕಟ್ಟಿಹಾಕಿದರೆ ಅದೇ ಡಾಟ್‌ಗೆ 6 ಮತ. ದೀರ್ಘ ಕಾಲ ಇರುವವರಿಗೆ ಹೆಚ್ಚು ಮಾತು ಸಿಗಲಿ ಎಂಬ ಲೆಕ್ಕಾಚಾರ ಇದು. ಇನ್ನೊಂದು ಕಡೆ, ದಿನ ಕಳೆದಂತೆ ಪ್ರಸ್ತಾವ ಗೆಲ್ಲಲು ಬೇಕಾದ ಒಟ್ಟು ಬೆಂಬಲದ ಮಿತಿ ಇಳಿಯುತ್ತಾ ಬರುತ್ತದೆ. ಕೊನೆಯ ದಿನಗಳಲ್ಲಿ ಕಡಿಮೆ ಜನ ಮತ ಹಾಕಿದ್ದರೂ ವಿರೋಧ ಇಲ್ಲದಿದ್ದರೆ ಪಾಸಾಗುತ್ತದೆ. ಮೌನವೇ ಒಪ್ಪಿಗೆ ಎಂಬಂತೆ.

ಈ ವ್ಯವಸ್ಥೆಯನ್ನು ನಾನು ಆಗಲೂ ಮೆಚ್ಚಿದ್ದೆ, ಈಗಲೂ ಮೆಚ್ಚುತ್ತೇನೆ. ಆದರೆ ಒಂದು ವಿಷಯ ಗಮನಿಸಿ. ಇಲ್ಲಿರುವ ಎಲ್ಲ ನಿಯಮಗಳೂ ಹಣ ಕೊಡುವ ಕ್ಷಣದವರೆಗಿನವು. ಕೊಟ್ಟ ಮೇಲೆ ಏನು? ಕೆಲಸ ಆಯಿತಾ, ಎಷ್ಟು ಆಯಿತು, ಉಳಿದ ಹಣ ಎಲ್ಲಿ? ಇದಕ್ಕೆ ಕೋಡ್‌ನಲ್ಲಿ ಒಂದು ಸಾಲೂ ಇಲ್ಲ. ಕೌನ್ಸಿಲ್ ಇದ್ದಾಗ, ಅದು ಎಷ್ಟೇ ಕೊರತೆಯದ್ದಾಗಿರಲಿ, ಹೋಗಿ ಕೇಳಲು ಒಂದು ಮುಖ ಇತ್ತು. ಕೌನ್ಸಿಲ್ ತೆಗೆದಾಗ ಮತ ಹಾಕುವ ಹಕ್ಕು ಎಲ್ಲರಿಗೂ ಹಂಚಿತು, ಲೆಕ್ಕ ಕೇಳುವ ಹೊಣೆ ಯಾರಿಗೂ ಹಂಚಲಿಲ್ಲ.

ಪ್ರಚಾರದ ಕೆಲಸ ಬೀದಿಗೆ ಬಿದ್ದದ್ದು

2024ರ ಖರ್ಚಿಗೆ ಬೇರು ಇರುವುದು 2023ರ ಅಕ್ಟೋಬರ್‌ನಲ್ಲಿ. ಆಗ ಪ್ಯಾರಿಟಿ ದೊಡ್ಡ ಪ್ರಮಾಣದಲ್ಲಿ ಜನರನ್ನು ಕೆಲಸದಿಂದ ತೆಗೆಯಿತು. ಮಾರ್ಕೆಟಿಂಗ್ ಕೆಲಸವನ್ನು ಇನ್ನು ಮುಂದೆ ಸಮುದಾಯದ ತಂಡಗಳೇ ನೋಡಿಕೊಳ್ಳಲಿ ಎಂಬುದು ಅದರ ನಿಲುವಾಗಿತ್ತು. ವೆಬ್3 ಫೌಂಡೇಶನ್ ಇಂಥ ಹೊಸ ತಂಡಗಳಿಗೆ ಅಂತಲೇ 2 ಕೋಟಿ ಡಾಲರ್ ಮತ್ತು 50 ಲಕ್ಷ ಡಾಟ್‌ನ ಒಂದು ಯೋಜನೆಯನ್ನೂ ಪ್ರಕಟಿಸಿತು.

ಒಂದು ಕಂಪನಿಯ ಮಾರ್ಕೆಟಿಂಗ್ ವಿಭಾಗ ಅಂದರೆ ಅಲ್ಲಿ ಒಬ್ಬ ಮುಖ್ಯಸ್ಥ ಇರುತ್ತಾನೆ, ಬಜೆಟ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಮೇಲಿನವರು ಕೂರಿಸಿಕೊಂಡು ಲೆಕ್ಕ ಕೇಳುತ್ತಾರೆ. ಆ ವಿಭಾಗ ಹೋಯಿತು, ಬಜೆಟ್ ಮಾತ್ರ ಉಳಿಯಿತು. ಬೀಗವಿಲ್ಲದ ಖಜಾನೆ ಇದೆ, ಮನವೊಲಿಸಿದರೆ ಸಾಕು ಎಂಬ ಸುದ್ದಿ ಏಜೆನ್ಸಿಗಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಅದೇ ಸಮಯಕ್ಕೆ ಡಾಟ್ ಬೆಲೆಯೂ ಏರುತ್ತಿತ್ತು. 2024ರ ಜನವರಿಯಲ್ಲಿ 8 ಡಾಲರ್ ಹತ್ತಿರ ಇದ್ದದ್ದು ಮಾರ್ಚ್‌ನಲ್ಲಿ 11ರ ಹತ್ತಿರ ಹೋಯಿತು. ಬೆಲೆ ಏರುವಾಗ ಮತ ಹಾಕುವವರ ಕೈಯೂ ಧಾರಾಳ ಆಗುತ್ತದೆ. ಜೂನ್ ಕೊನೆಗೆ ಅದು 6ರ ಆಸುಪಾಸಿಗೆ ಬಂದಿತ್ತು. ವರದಿ ಬಂದಾಗ ಎದ್ದ ಸಿಟ್ಟಿನಲ್ಲಿ ಈ ಇಳಿಕೆಯ ಪಾಲೂ ಇದೆ. ಡಾಟ್ ಅಂದು 15 ಡಾಲರ್ ಇದ್ದಿದ್ದರೆ ಇದೇ ಖರ್ಚನ್ನು ಜನ ಚಪ್ಪಾಳೆ ತಟ್ಟಿ ಮೆಚ್ಚುತ್ತಿದ್ದರು ಅನಿಸುತ್ತದೆ.

ಇನ್‌ಫ್ಲುಯೆನ್ಸರ್ ಹಣದ ಕಥೆ

ಪ್ರಾಯೋಜಕತ್ವದ ಮೊತ್ತ ದೊಡ್ಡದು, ಆದರೆ ಅದನ್ನು ಕಣ್ಣಿನಿಂದಾದರೂ ನೋಡಬಹುದು. 2024ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ ಕಾನರ್ ಡೇಲಿ ಓಡಿಸಿದ ಕಾರಿನ ಮೇಲೆ ಪೋಲ್ಕಾಡಾಟ್ ಬಣ್ಣ ಇತ್ತು. ಆ ಕಾರು ಓಡಿತು, ಟಿವಿಯಲ್ಲಿ ಕಾಣಿಸಿತು. ಅಷ್ಟು ಹಣಕ್ಕೆ ಅದು ಬೇಕಿತ್ತಾ ಎಂದು ಜಗಳ ಆಡಬಹುದು, ಆದರೆ ಕೊಟ್ಟ ಮಾತು ನಡೆಯಿತಾ ಎಂಬುದಕ್ಕೆ ಉತ್ತರ ಇದೆ.

ಇನ್‌ಫ್ಲುಯೆನ್ಸರ್‌ಗಳ ವಿಷಯದಲ್ಲಿ ಆ ಉತ್ತರವೇ ಸಿಗುವುದಿಲ್ಲ. ಇಂಥ ಪ್ರಸ್ತಾವ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಹೇಳುತ್ತೇನೆ. ಇದು ಯಾವುದೇ ಒಂದು ಏಜೆನ್ಸಿಯದ್ದಲ್ಲ, ನಾನೇ ಹಾಕಿದ ಲೆಕ್ಕ. ಒಂದು ಏಜೆನ್ಸಿ ಐದು ಲಕ್ಷ ಡಾಲರ್ ಕೇಳುತ್ತದೆ. ನಲವತ್ತು ಜನ ಇನ್‌ಫ್ಲುಯೆನ್ಸರ್‌ಗಳು, ಮೂರು ತಿಂಗಳು, ಇನ್ನೂರು ಪೋಸ್ಟು, ಕೆಲವು ವಿಡಿಯೊ, ಒಟ್ಟು ಒಂದು ಕೋಟಿ ವೀಕ್ಷಣೆ ಎನ್ನುತ್ತದೆ. ಚೆಂದದ ಪಿಡಿಎಫ್ ಇರುತ್ತದೆ. ಮತ ಗೆಲ್ಲುತ್ತದೆ, ಹಣ ಒಂದೇ ಸಲಕ್ಕೆ ಏಜೆನ್ಸಿ ಖಾತೆಗೆ ಹೋಗುತ್ತದೆ.

ಅಲ್ಲಿಂದ ಮುಂದೆ ಕತ್ತಲೆ. ಏಜೆನ್ಸಿ ಆ ಡಾಟ್ ಅನ್ನು ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ಗೆ ಕಳಿಸಿ ಡಾಲರ್ ಮಾಡಿಕೊಂಡರೆ ಚೈನ್‌ನಲ್ಲಿ ಅದರ ಜಾಡು ಅಲ್ಲಿಗೇ ಮುಗಿಯುತ್ತದೆ. ಯಾವ ಇನ್‌ಫ್ಲುಯೆನ್ಸರ್‌ಗೆ ಎಷ್ಟು ಕೊಟ್ಟರು? ಏಜೆನ್ಸಿ ತನ್ನ ಕಮಿಷನ್ ಅಂತ ಎಷ್ಟು ಇಟ್ಟುಕೊಂಡಿತು? ವ್ಯಾಪಾರದ ಗುಟ್ಟು, ಒಬ್ಬರ ದರ ಇನ್ನೊಬ್ಬರಿಗೆ ತಿಳಿದರೆ ಎಲ್ಲರೂ ಅದನ್ನೇ ಕೇಳುತ್ತಾರೆ, ಅದಕ್ಕೇ ಹೇಳಲಾಗುವುದಿಲ್ಲ ಎಂಬ ಉತ್ತರ ಬರುತ್ತದೆ. ಖಾಸಗಿ ಕಂಪನಿಯ ಹಣವಾಗಿದ್ದರೆ ಈ ಮಾತು ಒಪ್ಪುತ್ತಿದ್ದೆ. ಇದು ಎಲ್ಲರ ಪಾಲು ಕರಗಿಸಿ ಬಂದ ಹಣ. ಇಲ್ಲಿ ಆ ನೆಪ ನಡೆಯಬಾರದು.

ಬೆಲೆ ಏರಿಳಿತದ ವಿಷಯ ಇನ್ನೊಂದಿದೆ. ಕೆಲಸದ ಬೆಲೆ ಡಾಲರ್‌ನಲ್ಲಿ ಬರೆದಿರುತ್ತಾರೆ, ಕೇಳುವುದು ಡಾಟ್‌ನಲ್ಲಿ. ಪ್ರಸ್ತಾವ ಬರೆದ ದಿನ 8 ಡಾಲರ್ ಇದ್ದ ಡಾಟ್ ಹಣ ಕೈಗೆ ಬಂದ ದಿನ 11 ಆಗಿದ್ದರೆ ಮೇಲಿನ ಲಾಭ ಯಾರದ್ದು? ವಾಪಸ್ ಕೊಡುತ್ತೇವೆ ಎಂದು ಬರೆದವರೂ ಇದ್ದಾರೆ, ಕೊಟ್ಟವರೂ ಇದ್ದಾರೆ. ಆದರೆ ಅದು ಅವರವರ ಒಳ್ಳೆಯತನಕ್ಕೆ ಬಿಟ್ಟದ್ದಾಗಿತ್ತು. ಬೆಲೆ ಬಿದ್ದರೆ ಮಾತ್ರ ಹೆಚ್ಚುವರಿ ಹಣಕ್ಕೆ ಹೊಸ ಪ್ರಸ್ತಾವ ಬರುವುದು ತಡವಾಗುತ್ತಿರಲಿಲ್ಲ.

ಇನ್ನು ಅಳತೆ. ವೀಕ್ಷಣೆ ಎಷ್ಟು, ಲೈಕ್ ಎಷ್ಟು, ಇದನ್ನೇ ಫಲಿತಾಂಶ ಅಂತ ಕೊಡುತ್ತಾರೆ. ಕ್ರಿಪ್ಟೊ ಲೋಕದಲ್ಲಿ ವೀಕ್ಷಣೆಯ ಸಂಖ್ಯೆಯನ್ನು ಬಾಟ್‌ಗಳಿಂದ ಉಬ್ಬಿಸುವುದು ಎಷ್ಟು ಸುಲಭ ಎಂದು ಎಲ್ಲರಿಗೂ ಗೊತ್ತು. ನಿಜವಾದ ವೀಕ್ಷಣೆ ಅಂತಲೇ ಇಟ್ಟುಕೊಳ್ಳೋಣ. ನೋಡಿದವರಲ್ಲಿ ಎಷ್ಟು ಜನ ಡಾಟ್ ಇಡುವ ವ್ಯಾಲೆಟ್ ತೆರೆದರು, ಅದರಲ್ಲಿ ಎಷ್ಟು ಜನ ಒಂದು ತಿಂಗಳಾದ ಮೇಲೂ ಬಳಸುತ್ತಿದ್ದರು, ಎಷ್ಟು ಡೆವಲಪರ್‌ಗಳು ಬಂದರು? ಬ್ಲಾಕ್‌ಚೇನ್‌ನಲ್ಲಿ ಇದನ್ನು ಅಳೆಯುವುದು ಬೇರೆ ಯಾವ ಉದ್ಯಮಕ್ಕಿಂತಲೂ ಸುಲಭ, ಯಾಕೆಂದರೆ ಬಳಕೆಯ ದಾಖಲೆ ಎಲ್ಲರ ಎದುರೇ ಇದೆ. ಪ್ರತಿ ಇನ್‌ಫ್ಲುಯೆನ್ಸರ್‌ಗೆ ಬೇರೆ ಬೇರೆ ಲಿಂಕ್ ಕೊಟ್ಟರೆ ಯಾರಿಂದ ಎಷ್ಟು ಹೊಸ ಖಾತೆ ಬಂತು ಎಂದು ಹೇಳಬಹುದು. ಅಳೆಯುವ ಕೋಲು ಕೈಯಲ್ಲೇ ಇತ್ತು, ಅದನ್ನು ಹಿಡಿಯಲೇಬೇಕು ಎಂದು ಮತ ಹಾಕಿದ ನಾವು ಷರತ್ತು ಹಾಕಲಿಲ್ಲ.

ಜಾಹೀರಾತು ಅಂತ ಹೇಳಬೇಕಾದವರು ಯಾರು?

ಇನ್‌ಫ್ಲುಯೆನ್ಸರ್ ಹಣ ಪಡೆದು ಒಂದು ನಾಣ್ಯದ ಬಗ್ಗೆ ಒಳ್ಳೆಯ ಮಾತಾಡಿದರೆ, ಅದು ಹಣ ಪಡೆದ ಮಾತು ಎಂದು ಹೇಳಲೇಬೇಕು. ಬಹಳ ದೇಶಗಳಲ್ಲಿ ಇದು ಕಾನೂನೇ. ಅಮೆರಿಕದಲ್ಲಿ ಕಿಮ್ ಕಾರ್ಡಾಶಿಯನ್ 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಷೇರು ನಿಯಂತ್ರಣ ಸಂಸ್ಥೆಗೆ 12.6 ಲಕ್ಷ ಡಾಲರ್ ಕೊಟ್ಟು ಒಂದು ಪ್ರಕರಣ ಮುಗಿಸಿಕೊಂಡರು. ಇಥೀರಿಯಂಮ್ಯಾಕ್ಸ್ ಎಂಬ ನಾಣ್ಯದ ಬಗ್ಗೆ ಹಾಕಿದ ಒಂದು ಪೋಸ್ಟ್‌ಗೆ 2.5 ಲಕ್ಷ ಡಾಲರ್ ಪಡೆದಿದ್ದನ್ನು ಹೇಳಿರಲಿಲ್ಲ ಎಂಬುದು ಅವರ ಮೇಲಿದ್ದ ಆರೋಪ. ಆ ಪೋಸ್ಟ್‌ನಲ್ಲಿ ಜಾಹೀರಾತು ಎಂಬ ಹ್ಯಾಶ್‌ಟ್ಯಾಗ್ ಇತ್ತು. ಸಿಕ್ಕಿದ ಮೊತ್ತ ಹೇಳದ್ದೇ ತಪ್ಪಾಯಿತು.

ನಮ್ಮಲ್ಲೂ ನಿಯಮ ಇದೆ. ಜಾಹೀರಾತು ಮಾನದಂಡ ಮಂಡಳಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಜಾಹೀರಾತುಗಳಲ್ಲಿ ಇದು ನಿಯಂತ್ರಣಕ್ಕೆ ಒಳಪಡದ್ದು, ತುಂಬಾ ಅಪಾಯದ್ದು ಎಂಬ ಎಚ್ಚರಿಕೆ ಇರಲೇಬೇಕು ಎಂದಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ಪ್ರತ್ಯೇಕ ಸೂಚನೆ ಹೊರಡಿಸಿತು. ಹಣ, ಉಡುಗೊರೆ, ಏನೇ ಪಡೆದಿದ್ದರೂ ನೋಡುವವರಿಗೆ ಅರ್ಥವಾಗುವ ಸರಳ ಮಾತಿನಲ್ಲಿ, ಎದ್ದು ಕಾಣುವ ಹಾಗೆ ಹೇಳಬೇಕು. ಕನ್ನಡದಲ್ಲಿ ವಿಡಿಯೊ ಮಾಡುವವರಿಗೂ ಇದು ಅಷ್ಟೇ ಅನ್ವಯ.

ಈ ನಿಯಮಗಳೆಲ್ಲ ಜಾಹೀರಾತು ಕೊಡುವ ಒಬ್ಬರು ಇದ್ದಾರೆ ಎಂದುಕೊಂಡು ಬರೆದವು. ಪೋಲ್ಕಾಡಾಟ್‌ನಲ್ಲಿ ಅವರು ಯಾರು? ಖಜಾನೆ ಒಂದು ಖಾತೆ, ಅದು ವ್ಯಕ್ತಿಯಲ್ಲ, ಕಂಪನಿಯಲ್ಲ, ಕರಾರಿಗೆ ಸಹಿ ಹಾಕಲು ಅದಕ್ಕೆ ಕೈಯಿಲ್ಲ. ಮತ ಹಾಕಿದ ಸಾವಿರಾರು ಜನರಾ? ಪ್ರಸ್ತಾವ ಇಟ್ಟ ಏಜೆನ್ಸಿಯಾ? ಕರಾರು ಏನಿದ್ದರೂ ಏಜೆನ್ಸಿ ಮತ್ತು ಇನ್‌ಫ್ಲುಯೆನ್ಸರ್ ನಡುವೆ. ಹಣ ಕೊಟ್ಟ ಸಮುದಾಯ ಆ ಕರಾರಿನಲ್ಲಿ ಎಲ್ಲೂ ಇಲ್ಲ. ಪೋಸ್ಟ್‌ನಲ್ಲಿ ಇದು ಜಾಹೀರಾತು ಎಂದು ಬರೆದಿದ್ದಾರಾ ಎಂದು ನೋಡುವ ಕೆಲಸ ಓಪನ್‌ಗವ್‌ನಲ್ಲಿ ಯಾರಿಗೂ ವಹಿಸಿರಲಿಲ್ಲ. ಬರೆದಿಲ್ಲದಿದ್ದರೆ ಹಣ ವಾಪಸ್ ಕೇಳುವ ದಾರಿಯೂ ಇರಲಿಲ್ಲ.

ಇಲ್ಲಿ ಮೋಸ ಹೋಗುವವರು ಯಾರು ಎಂಬುದನ್ನು ಯೋಚಿಸಿದರೆ ನನಗೆ ಸಂಕಟ ಆಗುತ್ತದೆ. ಆ ವಿಡಿಯೊ ನೋಡಿ, ಇವರು ಮನಸಾರೆ ಹೇಳುತ್ತಿದ್ದಾರೆ ಎಂದು ನಂಬಿ, ಸಂಬಳದಲ್ಲಿ ಉಳಿಸಿದ ದುಡ್ಡು ಹಾಕುವವರು. ಅವರು ಡಾಟ್ ಕೊಂಡ ಮರುಕ್ಷಣವೇ ಖಜಾನೆಯ ಚಂದಾದಾರರು. ಅಂದರೆ ತಮ್ಮನ್ನು ನಂಬಿಸಿದ ಪ್ರಚಾರದಂಥದ್ದಕ್ಕೇ ಮುಂದಿನ ಕಂತು ಅವರೇ ಕಟ್ಟುತ್ತಾರೆ.

ಇಷ್ಟೆಲ್ಲ ಪಾಸಾದದ್ದು ಹೇಗೆ

ಸೋಮಾರಿತನ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಒಂದೇ ಸಮಯಕ್ಕೆ ಹತ್ತಾರು ಪ್ರಸ್ತಾವ ತೆರೆದಿರುತ್ತವೆ. ಒಂದೊಂದಕ್ಕೂ ಹತ್ತಿಪ್ಪತ್ತು ಪುಟದ ದಾಖಲೆ. ಕೆಲಸ, ಮನೆ, ಮಕ್ಕಳು ಇರುವ ಮನುಷ್ಯ ಎಷ್ಟು ಓದಬಲ್ಲ? ನಾನೂ ಒಂದಿಷ್ಟು ದಿನ ತಲೆಬರಹ, ಮೊತ್ತ ನೋಡಿ, ಪರಿಚಿತ ಹೆಸರು ಯಾವ ಕಡೆ ಮತ ಹಾಕಿದೆ ಎಂದು ನೋಡಿ, ಅದೇ ಕಡೆ ಒತ್ತಿದ್ದೇನೆ. ಅದು ತಪ್ಪು ಎಂದು ಒತ್ತುವಾಗಲೇ ಗೊತ್ತಿತ್ತು.

ಇನ್ನು ನಮ್ಮ ದೇಶದಲ್ಲಿ ಡಾಟ್ ಕೊಂಡ ಎಷ್ಟೋ ಜನ ಅದನ್ನು ಎಕ್ಸ್‌ಚೇಂಜ್‌ನಲ್ಲೇ ಬಿಟ್ಟಿರುತ್ತಾರೆ. ಅಲ್ಲಿಂದ ಮತ ಹಾಕಲು ಆಗುವುದಿಲ್ಲ. ಅವರ ಪಾಲು ಕರಗುತ್ತದೆ, ಮಾತು ಮಾತ್ರ ಇಲ್ಲ.

ಮತ ಹಾಕಲು ಪುರುಸೊತ್ತಿಲ್ಲದವರು ಬೇರೆಯವರಿಗೆ ತಮ್ಮ ಮತ ವಹಿಸಬಹುದು. 2024ರ ಆರಂಭದಲ್ಲಿ ವೆಬ್3 ಫೌಂಡೇಶನ್ ತನ್ನಲ್ಲಿದ್ದ ಡಾಟ್‌ನ ದೊಡ್ಡ ಮತಬಲವನ್ನು ಸಮುದಾಯದ ಕೆಲವು ಪ್ರತಿನಿಧಿಗಳಿಗೆ ವಹಿಸಿಕೊಟ್ಟಿತು. ಉದ್ದೇಶ ಒಳ್ಳೆಯದು. ಅದರಿಂದ ಅವರು ತಿರುಗಿದ ಕಡೆಗೆ ಫಲಿತಾಂಶ ತಿರುಗುವಷ್ಟು ತೂಕ ಬಂತು. ಅವರ ಪೈಕಿ ಕೆಲವರು ತಮ್ಮ ಮತಕ್ಕೆ ಕಾರಣ ಬರೆದು ಪ್ರಕಟಿಸುತ್ತಿದ್ದರು. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಅಭ್ಯಾಸ ಅದು.

ಹಿತಾಸಕ್ತಿಯ ಪ್ರಶ್ನೆಗೆ ಮಾತ್ರ ಯಾರೂ ಸರಿಯಾಗಿ ಕೈ ಹಾಕಲಿಲ್ಲ. ಖಜಾನೆಯಿಂದ ಹಣ ಪಡೆಯುವವರೇ ಸಮುದಾಯದಲ್ಲಿ ಹೆಚ್ಚು ಚುರುಕಾಗಿರುವವರು, ಹೆಚ್ಚು ಓದುವವರು, ಹೆಚ್ಚು ಮತ ಹಾಕುವವರು. ಇವತ್ತು ನಾನು ನಿಮ್ಮ ಪ್ರಸ್ತಾವಕ್ಕೆ ಅಡ್ಡಿ ಹೇಳಿದರೆ ಮುಂದಿನ ತಿಂಗಳು ನನ್ನದಕ್ಕೆ ನೀವು ಅಡ್ಡಿ ಹೇಳುತ್ತೀರಿ. ಯಾರೂ ಕೂತು ಸಂಚು ಮಾಡಬೇಕಾಗಿಲ್ಲ. ಎಲ್ಲರೂ ಎಲ್ಲರಿಗೂ ಹೂಂ ಅನ್ನುವ ರೂಢಿ ತಾನಾಗಿಯೇ ಬೆಳೆಯುತ್ತದೆ. ತನ್ನ ಪ್ರಸ್ತಾವಕ್ಕೆ ತಾನೇ ಮತ ಹಾಕಿಕೊಳ್ಳಬಾರದು ಎಂಬ ನಿಯಮವೂ ಕೋಡ್‌ನಲ್ಲಿ ಇರಲಿಲ್ಲ. ಹೆಸರಿಲ್ಲದ ಖಾತೆಗಳ ಲೋಕದಲ್ಲಿ ಅಂಥ ನಿಯಮ ತಂದರೂ ಹಿಡಿಯುವುದು ಕಷ್ಟ.

ಆ ಕಡೆಯ ಮಾತು

ಟೀಕೆ ಮಾಡಿದವರು ಒಂದನ್ನು ಮರೆತರು. ಆ ವರದಿಯನ್ನು ತಯಾರಿಸಿದ್ದು ಹೊರಗಿನ ತನಿಖೆ ಅಲ್ಲ. ಸಮುದಾಯದ ಒಳಗಿನವರೇ ಆದ ಟೊಮ್ಮಿ ಎನೆಂಕೆಲ್ ಕೂತು, ನೂರಾರು ಪ್ರಸ್ತಾವಗಳನ್ನು ಬಿಡಿಸಿ, ಗುಂಪು ಮಾಡಿ, ಅಂಕಿ ಕೂಡಿಸಿ ಎಲ್ಲರ ಮುಂದಿಟ್ಟರು. ಎಷ್ಟೋ ಬೇರೆ ಚೈನ್‌ಗಳಲ್ಲಿ ಇಂಥ ವರದಿಯೇ ಇಲ್ಲ. ಅಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಕೊಡುವುದು ಮುಚ್ಚಿದ ಬಾಗಿಲ ಹಿಂದೆ. 2023ರ ವಸಂತದಲ್ಲಿ ಆರ್ಬಿಟ್ರಮ್ ಎಂಬ ಇನ್ನೊಂದು ಚೈನ್‌ನಲ್ಲಿ ಏನಾಯಿತು ನೋಡಿ. ಆರ್ಬಿಟ್ರಮ್ ಫೌಂಡೇಶನ್‌ಗೆ ಅದರದ್ದೇ 75 ಕೋಟಿ ಎಆರ್‌ಬಿ ನಾಣ್ಯ ಕೊಡುವ ಪ್ರಸ್ತಾವ ಮತಕ್ಕೆ ಬಂದಿತ್ತು. ಮತ ನಡೆಯುತ್ತಿರುವಾಗಲೇ ಅದರಲ್ಲಿ ಒಂದಿಷ್ಟನ್ನು ಫೌಂಡೇಶನ್ ಆಗಲೇ ಬಳಸಿದೆ ಎಂದು ತಿಳಿಯಿತು. ಇದು ಒಪ್ಪಿಗೆ ಕೇಳುವ ಮತವಲ್ಲ, ಆದದ್ದನ್ನು ದೃಢಪಡಿಸುವ ಮತ ಎಂಬ ವಿವರಣೆ ಬಂತು. ಅದಕ್ಕೆ ಹೋಲಿಸಿದರೆ ಪೋಲ್ಕಾಡಾಟ್ ಎಷ್ಟೋ ಪ್ರಾಮಾಣಿಕ.

ಎರಡು ವರ್ಷದಲ್ಲಿ ಖಜಾನೆ ಬರಿದಾಗುತ್ತದೆ ಎಂಬ ಸುದ್ದಿಯೂ ಅರ್ಧ ಮಾತು. ಆ ವೇಗದಲ್ಲಿ ಖರ್ಚು ಮಾಡಿದರೆ ಇದ್ದದ್ದು ಸುಮಾರು ಎರಡು ವರ್ಷಕ್ಕೆ ಎಂದು ವರದಿ ಹೇಳಿತ್ತು. ಆಗ ಖಜಾನೆಯ ಒಟ್ಟು ಆಸ್ತಿ ಸುಮಾರು 24.5 ಕೋಟಿ ಡಾಲರ್. ಆದರೆ ಹೊಸ ನಾಣ್ಯ ಹುಟ್ಟುತ್ತಲೇ ಇರುತ್ತದೆ, ಒಳಗೆ ಬರುವುದು ನಿಲ್ಲುವುದಿಲ್ಲ. ಬರಿದಾಗುವ ಭಯಕ್ಕಿಂತ, ಬರಿದಾಗದೆ ಹೀಗೇ ವರ್ಷಗಟ್ಟಲೆ ನಡೆಯಬಹುದಲ್ವಾ ಎಂಬ ಭಯ ನನಗೆ ದೊಡ್ಡದಾಗಿ ಕಂಡಿತ್ತು.

ಆಮೇಲೆ ಬದಲಾದದ್ದು

ಕೆಲವು ಒಳ್ಳೆಯವೇ ಆದವು. ಖಜಾನೆ ಡಾಲರ್‌ಗೆ ಕಟ್ಟಿದ ನಾಣ್ಯಗಳನ್ನೂ ಇಟ್ಟುಕೊಂಡು ಅದರಲ್ಲೇ ಕೊಡುವುದು ರೂಢಿಯಾಯಿತು. ಇದರಿಂದ ಬೆಲೆ ಏರಿಳಿತದ ಆಟ ಬಹಳ ಮಟ್ಟಿಗೆ ನಿಂತಿತು. ಸಣ್ಣ ಬದಲಾವಣೆಯಂತೆ ಕಂಡರೂ ಲೆಕ್ಕ ನೇರವಾಗಲು ಇದು ತುಂಬಾ ಮುಖ್ಯ.

ಒಂದೇ ಮತದಲ್ಲಿ ಹಲವು ಕಂತುಗಳನ್ನು ಮಂಜೂರು ಮಾಡಿ, ಒಂದೊಂದನ್ನೂ ಬೇರೆ ಬೇರೆ ದಿನಾಂಕಕ್ಕೆ ಬಿಡುಗಡೆ ಆಗುವಂತೆ ಇಡುವ ಅನುಕೂಲವೂ ಇದೆ. ಕೆಲಸ ಸರಿಯಿಲ್ಲದಿದ್ದರೆ ಮುಂದಿನ ಕಂತನ್ನು ಮತ್ತೊಂದು ಮತದಿಂದ ರದ್ದು ಮಾಡಬಹುದು. ಇದನ್ನು ಬಹಳ ಜನ ದೊಡ್ಡ ಪರಿಹಾರ ಅಂದುಕೊಂಡಿದ್ದಾರೆ. ನನಗೆ ಅರ್ಧ ಸಮಾಧಾನ. ಯಾಕೆಂದರೆ ನಿಲ್ಲಿಸುವ ಹೊರೆ ದೂರು ಹೇಳುವವನ ಮೇಲೆ ಬೀಳುತ್ತದೆ. ಅವನು ಠೇವಣಿ ಇಡಬೇಕು, ಪುರಾವೆ ಕೂಡಿಹಾಕಬೇಕು, ವಾರಗಟ್ಟಲೆ ಬೆಂಬಲ ಕೇಳುತ್ತಾ ಓಡಾಡಬೇಕು, ಪರಿಚಿತರ ಸಿಟ್ಟು ಕಟ್ಟಿಕೊಳ್ಳಬೇಕು, ಅದಕ್ಕೆಲ್ಲ ಅವನಿಗೆ ಒಂದು ಪೈಸೆಯೂ ಇಲ್ಲ. ಇದು ತಿರುಗಮುರುಗ ಆಗಬೇಕು. ಸುಮ್ಮನಿದ್ದರೆ ಕಂತು ನಿಲ್ಲಬೇಕು, ಕೆಲಸ ತೋರಿಸಿದರೆ ಬಿಡುಗಡೆ ಆಗಬೇಕು. ಊರಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಗೆ ಹಣ ಕೊಡುವುದು ಹಾಗೆಯೇ ಅಲ್ವಾ? ಲಿಂಟಲ್ ಮಟ್ಟ ಬಂದರೆ ಇಷ್ಟು, ಮೋಲ್ಡ್ ಆದ ಮೇಲೆ ಇಷ್ಟು.

ಬೌಂಟಿಗಳೂ ಬೆಳೆದವು. ಅಂದರೆ ಪ್ರಚಾರಕ್ಕೋ ಕಾರ್ಯಕ್ರಮಗಳಿಗೋ ಒಂದು ಮೊತ್ತವನ್ನು ಎತ್ತಿಟ್ಟು, ಕ್ಯುರೇಟರ್‌ಗಳ ಒಂದು ಸಣ್ಣ ತಂಡಕ್ಕೆ ಅದನ್ನು ಹಂಚುವ ಹೊಣೆ ಕೊಡುವುದು. ಆ ವಿಷಯ ಬಲ್ಲವರು ಕೂತು ಪ್ರತಿ ಕೋರಿಕೆಯನ್ನೂ ಬಿಡಿಸಿ ನೋಡಬಹುದು. ದೊಡ್ಡ ಲಾಭ ಏನೆಂದರೆ ಕೇಳಲು ಮತ್ತೆ ಒಂದು ಮುಖ ಸಿಕ್ಕಿತು. ಇನ್ನೊಂದು ಕಡೆಯಿಂದ ನೋಡಿದರೆ ಇದು ಅದೇ ಹಳೆಯ ಕೌನ್ಸಿಲ್‌ನ ತುಂಡುಗಳು. ಕ್ಯುರೇಟರ್ ತನ್ನ ಸ್ನೇಹಿತರಿಗೇ ಕೊಟ್ಟರೆ ನೋಡುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ. ಆದರೂ ಯಾರೂ ನೋಡದ ಸ್ಥಿತಿಗಿಂತ ಐದು ಜನ ಹೆಸರು ಹೇಳಿಕೊಂಡು ನೋಡುವ ಸ್ಥಿತಿ ವಾಸಿ, ಅದರಲ್ಲಿ ನನಗೆ ಅನುಮಾನವಿಲ್ಲ.

ಖಜಾನೆಗೆ ಹರಿಯುವ ನೀರಿನ ಮೇಲೂ ಕೈ ಬಿತ್ತು. 2024ರ ಕೊನೆಗೆ ಶೇಕಡಾ 10ರ ಲೆಕ್ಕ ಬಿಟ್ಟು ವರ್ಷಕ್ಕೆ 12 ಕೋಟಿ ಡಾಟ್ ಮಾತ್ರ, ಅದರಲ್ಲಿ ಶೇಕಡಾ 15 ಖಜಾನೆಗೆ ಎಂದು ನಿಗದಿಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಟ್ಟು ಡಾಟ್ ಸಂಖ್ಯೆಗೇ 210 ಕೋಟಿಯ ಮಿತಿ ಹಾಕುವ ಪ್ರಸ್ತಾವ ಗೆದ್ದಿತು. ಬರುವುದಕ್ಕೆ ಕೊನೆ ಇದೆ ಎಂದು ಗೊತ್ತಾದಾಗ ಮತ ಹಾಕುವವರ ಬೆರಳೂ ಸ್ವಲ್ಪ ತಡೆಯುತ್ತದೆ.

ಈಗ ಇನ್‌ಫ್ಲುಯೆನ್ಸರ್ ಹಣದ ಯಾವ ಪ್ರಸ್ತಾವ ಬಂದರೂ ನಾನು ನಾಲ್ಕು ವಿಷಯ ಹುಡುಕುತ್ತೇನೆ. ಯಾರಿಗೆ ಎಷ್ಟು ಎಂಬ ಪಟ್ಟಿ. ಏಜೆನ್ಸಿಯ ಪಾಲು. ಪ್ರತಿ ಪೋಸ್ಟ್‌ನಲ್ಲೂ ಪೋಲ್ಕಾಡಾಟ್ ಖಜಾನೆಯಿಂದ ಹಣ ಪಡೆದಿದೆ ಎಂಬ ಸಾಲು ಇರುತ್ತದೆ ಎಂಬ ಮಾತು. ಹಿಂದೆ ಹಣ ಪಡೆದಿದ್ದರೆ ಅದರ ಮುಗಿದ ವರದಿಯ ಲಿಂಕ್. ಒಂದು ಇಲ್ಲದಿದ್ದರೂ ಬೇಡ ಎಂದು ಒತ್ತಿ, ಯಾಕೆ ಎಂದು ಕೆಳಗೆ ಬರೆಯುತ್ತೇನೆ. ನನ್ನ ಮತದ ತೂಕ ಸಣ್ಣದು. ಆದರೆ ಬರೆದ ಕಾರಣವನ್ನು ದೊಡ್ಡ ತೂಕದವರೂ ಓದುತ್ತಾರೆ.

2024ರ ಆ ಆರು ತಿಂಗಳ ವರ್ಗಾವಣೆಗಳು ಇವತ್ತಿಗೂ ಚೈನ್‌ನಲ್ಲಿ ಹಾಗೇ ಇವೆ. ಎಷ್ಟನೇ ಪ್ರಸ್ತಾವ, ಯಾವ ಖಾತೆ, ಎಷ್ಟು ಡಾಟ್, ಯಾವ ಹೊತ್ತು ಎಂಬುದೆಲ್ಲ ಕಾಣುತ್ತದೆ. ಆ 49 ಲಕ್ಷ ಡಾಲರ್‌ನಲ್ಲಿ ಕೊನೆಗೆ ಯಾವ ಇನ್‌ಫ್ಲುಯೆನ್ಸರ್ ಕೈಗೆ ಎಷ್ಟು ಹೋಯಿತು, ಅದಕ್ಕೆ ಬದಲಾಗಿ ಯಾವ ಪೋಸ್ಟ್ ಬಂತು ಎಂಬ ಸಾಲು ಮಾತ್ರ ಆ ಚೈನ್‌ನಲ್ಲಿ ಇಲ್ಲ. ಅದನ್ನು ಬರೆದು ಕೊಡಿ ಎಂದು ಹಣ ಪಡೆದ ಏಜೆನ್ಸಿಗಳನ್ನು ಕೇಳಲು ಈಗಲೂ ತಡವಾಗಿಲ್ಲ.